ಎಪ್ಪತ್ತೆಂಟರ ಜಾಗದಲ್ಲಿ ಐವತ್ತೆಂಟು

ಅರವತ್ತರ ದಶಕದ ನಡುವಿನ ಮಾತು. ನಾನು ಒಂಬತ್ತನೇ ತರಗತಿಯಲ್ಲಿದ್ದೆ. ದಸರಾ ರಜೆ ಮುಗಿಸಿ ಹೋದಾಗ ಭದ್ರಾವತಿಯ ನಮ್ಮ ಹೆಣ್ಣುಮಕ್ಕಳ ಶಾಲೆಗೆ ಹೊಸ ಡ್ರಿಲ್ ಟೀಚರ್ ಬಂದಿದ್ದರು. ಮೈಸೂರಿನ ಕಡೆಯವರು, ವಯಸ್ಸು ಇಪ್ಪತ್ತೈದು ದಾಟಿರಲಿಲ್ಲ. ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು ಕಾಲಿಗೆ ಬಿಳಿ ಕ್ಯಾನ್ವಾಸ್ ಬೂಟು ಹಾಕಿಕೊಂಡು ಮೈದಾನಕ್ಕೆ ಇಳಿಯುತ್ತಿದ್ದರು. ಅದುವರೆಗೆ ನಮಗೆ ಡ್ರಿಲ್ ಎಂದರೆ ಸಾಲಾಗಿ ನಿಂತು ಹತ್ತು ನಿಮಿಷ ಕೈ ಮೇಲೆ ಕೆಳಗೆ ಮಾಡುವುದು, ಮಿಕ್ಕ ಹೊತ್ತು ಬೇವಿನ ಮರದ ಕೆಳಗೆ ಕೂತು ಕಲ್ಲಾಟ ಆಡುವುದು. ಹೊಸ ಟೀಚರ್ ಮೊದಲ ದಿನವೇ ಕಲ್ಲುಗಳನ್ನೆಲ್ಲ ಬೇಲಿಯಾಚೆ ಎಸೆಸಿದರು.

ಒಂದು ತಿಂಗಳು ಕಳೆಯುವುದರೊಳಗೆ ಅವರು ಪರೀಕ್ಷೆಯ ಸುದ್ದಿ ತಂದರು. ಓದಿ ಬರೆಯುವ ಪರೀಕ್ಷೆಯಲ್ಲ, ದೇಹದ ಪರೀಕ್ಷೆ. ಯಾರು ಎಷ್ಟು ಬೇಗ ಓಡುತ್ತಾರೆ, ನಿಂತಲ್ಲಿಂದ ಎಷ್ಟು ದೂರ ಹಾರುತ್ತಾರೆ, ಚೆಂಡು ಎಲ್ಲಿಯವರೆಗೆ ಎಸೆಯುತ್ತಾರೆ, ದಣಿದ ಮೇಲೆ ಎಷ್ಟು ಬೇಗ ಸುಧಾರಿಸಿಕೊಳ್ಳುತ್ತಾರೆ, ಇಷ್ಟನ್ನೂ ಅಳೆದು ಬರೆಯಬೇಕು. ಚೆನ್ನಾಗಿ ಮಾಡಿದ ಆರು ಜನ ಹುಡುಗಿಯರನ್ನು ಶಿವಮೊಗ್ಗಕ್ಕೆ ಕರೆದೊಯ್ಯುತ್ತಾರೆ. ಅಲ್ಲಿ ಬೇರೆ ಶಾಲೆಯವರೂ ಬರುತ್ತಾರೆ. ಅಲ್ಲಿ ಎಲ್ಲದರಲ್ಲೂ ತೇರ್ಗಡೆಯಾದವರಿಗೆ ಒಂದು ಸರ್ಟಿಫಿಕೇಟು, ಎದೆಗೆ ಸಿಕ್ಕಿಸಿಕೊಳ್ಳುವ ಒಂದು ಬ್ಯಾಡ್ಜು. ನಮ್ಮಲ್ಲಿ ಅರ್ಧ ಜನ ಆ ವಯಸ್ಸಿನವರೆಗೆ ಅಪ್ಪ ಅಮ್ಮನಿಲ್ಲದೆ ರೈಲು ಹತ್ತಿದವರಲ್ಲ. ಬ್ಯಾಡ್ಜಿಗಿಂತ ರೈಲಿನ ಆಸೆಯೇ ದೊಡ್ಡದಾಗಿತ್ತು.

ನಮ್ಮ ತರಗತಿಯಲ್ಲಿ ಎಲ್ಲರಿಗಿಂತ ಚುರುಕಾಗಿ ಓಡುತ್ತಿದ್ದವಳು ನನ್ನ ಗೆಳತಿ. ಅವಳ ತಂದೆ ಬಸ್‌ಸ್ಟ್ಯಾಂಡಿನ ಹಿಂದೆ ಲಾರಿ ರಿಪೇರಿಯ ಷೆಡ್ ಇಟ್ಟುಕೊಂಡಿದ್ದರು. ಮನೆಯಲ್ಲಿ ಅವರ ಮಾತು ದಖ್ಖನಿ, ನಮ್ಮ ಜೊತೆ ಕನ್ನಡ. ನಮಗೆಲ್ಲ ಓಡುವಾಗ ಲಂಗ ಕಾಲಿಗೆ ತೊಡರುತ್ತಿತ್ತು, ಅವಳು ಪೈಜಾಮ ಹಾಕುತ್ತಿದ್ದುದರಿಂದ ಗೆಲ್ಲುತ್ತಾಳೆ ಎಂದು ಕೆಲವರು ಗೊಣಗುತ್ತಿದ್ದರು. ನನಗೆ ಗೊತ್ತಿತ್ತು, ಲಂಗ ಉಟ್ಟರೂ ಅವಳೇ ಗೆಲ್ಲುತ್ತಿದ್ದಳು. ಮೈದಾನಕ್ಕೆ ಬಂದರೆ ಅವಳ ಮುಖವೇ ಬೇರೆಯಾಗಿಬಿಡುತ್ತಿತ್ತು.

ಓಟ, ಜಿಗಿತ, ಚೆಂಡು ಎಸೆತ ಎಲ್ಲ ಮುಗಿದ ಮೇಲೆ ಪಟ್ಟಿಯಲ್ಲಿ ಅವಳು ಮೊದಲನೆಯವಳು. ನಾನು ಏಳನೆಯವಳು. ಒಂದು ಶಾಲೆಯಿಂದ ಆರು ಜನ ಪೂರ್ತಿ ಇರದಿದ್ದರೆ ಯಾರದೂ ಲೆಕ್ಕಕ್ಕಿಲ್ಲ, ಅವರಲ್ಲಿ ಯಾರಾದರೂ ತಪ್ಪಿದರೆ ಆ ಜಾಗಕ್ಕೆ ಇರಲಿ ಎಂದು ನನ್ನನ್ನೂ ಶಿವಮೊಗ್ಗಕ್ಕೆ ಕರೆದೊಯ್ಯುವುದಾಗಿ ಟೀಚರ್ ಹೇಳಿದರು.

ಉಳಿದದ್ದು ಬೆಂಚಿನ ಪರೀಕ್ಷೆ. ತರಗತಿಯ ಗಿಡ್ಡ ಬೆಂಚುಗಳನ್ನು ಹೊರಗೆ ತಂದು ಸಾಲಾಗಿ ಇಟ್ಟಿದ್ದರು. ಟೀಚರ್ ಖಾಲಿ ಸೀಮೆಎಣ್ಣೆ ಡಬ್ಬ ಬಡಿಯುತ್ತ "ಹತ್ತು, ಇಳಿ, ಹತ್ತು, ಇಳಿ" ಎನ್ನುತ್ತಿದ್ದರು. ಮೂರು ನಿಮಿಷ ಹತ್ತಿ ಇಳಿಯಬೇಕು. ಆಮೇಲೆ ಕೂತು ಒಂದು ನಿಮಿಷ ಸುಧಾರಿಸಿಕೊಳ್ಳಬೇಕು. ಅದಾದ ಮೇಲೆ ಜೊತೆಯ ಹುಡುಗಿ ಅರ್ಧ ನಿಮಿಷ ನಾಡಿ ಎಣಿಸಿ ಹಾಳೆಯಲ್ಲಿ ಬರೆಯಬೇಕು. ಅರ್ಧ ನಿಮಿಷಕ್ಕೆ ಎಪ್ಪತ್ತು ದಾಟಿದವರು ಶಿವಮೊಗ್ಗಕ್ಕೆ ಬರುವಂತಿಲ್ಲ, ಅವರನ್ನು ಮೊದಲು ಡಾಕ್ಟರಿಗೆ ತೋರಿಸಬೇಕು ಎಂದು ಟೀಚರ್ ಮೊದಲೇ ಹೇಳಿದ್ದರು.

ನಾಡಿ ಹಿಡಿಯುವುದು ನನಗೆ ಬರುತ್ತಿತ್ತು. ನನ್ನ ಅಪ್ಪ ಹಳೇ ಊರಿನ ಡಾಕ್ಟರ್ ಷಾಪೊಂದರಲ್ಲಿ ಕಾಂಪೌಂಡರ್ ಆಗಿದ್ದರು. ಚಿಕ್ಕಂದಿನಲ್ಲಿ ನನ್ನ ಬೆರಳು ಹಿಡಿದು ತಮ್ಮ ಮಣಿಕಟ್ಟಿನ ಮೇಲಿಟ್ಟು "ಸಿಕ್ತಾ?" ಎಂದು ಕೇಳುತ್ತಿದ್ದರು. ಹಾಗಾಗಿ ಟೀಚರ್ ನನ್ನನ್ನೇ ಮುಂದೆ ನಿಲ್ಲಿಸಿ, ಬೆರಳು ಎಲ್ಲಿಡಬೇಕೆಂದು ಎಲ್ಲರಿಗೂ ತೋರಿಸಲು ಹೇಳಿದ್ದರು. ಆ ಹೆಮ್ಮೆಯಲ್ಲೇ ನಾನು ಗೆಳತಿಯ ಕೈ ಹಿಡಿದೆ.

ಮೊದಲ ಕ್ಷಣದಲ್ಲೇ ನನಗೆ ಏನೋ ಸರಿಯಿಲ್ಲ ಅನ್ನಿಸಿತು. ನಾಡಿ ವೇಗವಾಗಿತ್ತು, ಅದೇನೂ ದೊಡ್ಡ ವಿಷಯವಲ್ಲ. ನಾಲ್ಕೈದು ಸಲ ದಡದಡ ಬಡಿದು ಒಂದು ಸಲ ಬಡಿಯುವುದನ್ನೇ ಮರೆಯುತ್ತಿತ್ತು. ಆ ಖಾಲಿ ಜಾಗದಲ್ಲಿ ನನ್ನ ಎಣಿಕೆ ಎಡವುತ್ತಿತ್ತು. ಟೀಚರ್ "ಸಾಕು" ಎಂದಾಗ ಎಪ್ಪತ್ತೆಂಟು ಆಗಿತ್ತು.

"ಎಷ್ಟು?" ಎಂದಳು ಅವಳು.

"ಎಪ್ಪತ್ತೆಂಟು. ಮಧ್ಯೆ ಮಧ್ಯೆ ತಪ್ತಾ ಇದೆ ಕಣೆ."

"ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಅದಕ್ಕೆ. ಐವತ್ತೆಂಟು ಅಂತ ಬರಿ."

"ಬೇಡ ಮಾರಾಯ್ತಿ. ಟೀಚರ್‌ಗೆ ಹೇಳಣ, ಇನ್ನೊಂದ್ಸಲ ನೋಡ್ತಾರೆ."

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ತಣ್ಣಗೆ ಕೇಳಿದಳು, "ನಾನು ಬಿಟ್ಟೋದ್ರೆ ನೀನು ಓಡ್ತೀಯ. ಅದಕ್ಕೇನೇ?"

ಟೀಚರ್ ಸಾಲಿನ ಆ ತುದಿಯಿಂದ ಹಾಳೆಗಳನ್ನು ಇಸಿದುಕೊಳ್ಳುತ್ತ ಬರುತ್ತಿದ್ದರು. ನನ್ನ ಕಿವಿ ಬಿಸಿಯಾಯಿತು. ಅವಳು ಹೇಳಿದ್ದು ಸುಳ್ಳೆಂದು ತೋರಿಸಲು ನನಗೆ ಬೇರೆ ದಾರಿ ಹೊಳೆಯಲಿಲ್ಲ. ಐವತ್ತೆಂಟು ಎಂದು ಬರೆದು ಕೊಟ್ಟುಬಿಟ್ಟೆ. ಟೀಚರ್ ಅದರ ಮೇಲೆ ಕಣ್ಣಾಡಿಸಿ "ಭೇಷ್" ಎಂದು ಅವಳ ಬೆನ್ನು ತಟ್ಟಿದರು.

ಅಂದು ಸಂಜೆ ಅಪ್ಪ ಊಟಕ್ಕೆ ಕೂತಾಗ ನಾನು ಸುತ್ತಿ ಬಳಸಿ ಕೇಳಿದೆ.

"ಅಪ್ಪ, ನಾಡಿ ಮಧ್ಯದಲ್ಲಿ ತಪ್ಪಿದ್ರೆ ಏನರ್ಥ?"

"ಎಷ್ಟು ವಯಸ್ಸಿನೋರಿಗೆ?"

"ನನ್ನಷ್ಟು."

ಅಪ್ಪ ತುತ್ತು ಕೆಳಗಿಟ್ಟರು. "ಸುಮ್ನೆ ಹಂಗಾಗೋದೂ ಉಂಟು. ಆದ್ರೆ ಕೀಲೆಲ್ಲ ಊದ್ಕೊಂಡು ಜ್ವರ ಬಂದಿದ್ದ ಮಕ್ಳಾದ್ರೆ ಹುಷಾರಾಗಿರ್ಬೇಕು. ಆ ಜ್ವರ ಬಿಟ್ರೂ ಎದೆಗೆ ಇಳಿದಿರುತ್ತೆ. ಹೊರಗಿಂದ ನೋಡಿದ್ರೆ ಗೊತ್ತಾಗಲ್ಲ, ಚೆನ್ನಾಗೇ ಇರ್ತಾರೆ. ಒಂದಿನ ಇದ್ದಕ್ಕಿದ್ದಂಗೆ ಕುಸಿದುಬಿಡ್ತಾರೆ. ಯಾರಿಗೆ ಹಂಗಾಗಿದೆ?"

"ಯಾರಿಗೂ ಇಲ್ಲ. ಪಾಠದಲ್ಲಿತ್ತು."

ನಾವು ಏಳನೇ ತರಗತಿಯಲ್ಲಿದ್ದಾಗ ಅವಳು ಎರಡು ತಿಂಗಳು ಶಾಲೆಗೆ ಬಂದಿರಲಿಲ್ಲ. ನಾನು ನೋಡಲು ಹೋದಾಗ ಮಂಚದ ಮೇಲೆ ಮಲಗಿದ್ದಳು. ಎರಡೂ ಮಂಡಿ ಊದಿಕೊಂಡು, ಮೇಲೆ ಹೊದಿಕೆ ತಗುಲಿದರೂ ಕಿರುಚುತ್ತಿದ್ದಳು.

ಶಿವಮೊಗ್ಗಕ್ಕೆ ಹೋಗಲು ಇನ್ನೂ ಎಂಟು ದಿನ ಇತ್ತು. ಆ ಎಂಟು ದಿನ ನಾನು ಹೇಗೆ ಕಳೆದೆ ಎಂದು ಈಗಲೂ ನೆನಪಿಸಿಕೊಳ್ಳಲು ಕಷ್ಟವಾಗುತ್ತದೆ. ಪ್ರತಿ ಸಂಜೆ ಆರು ಜನರಿಗೆ ಓಟದ ಅಭ್ಯಾಸ. ನಾನು ಗಡಿಯಾರ ಹಿಡಿದು ನಿಲ್ಲಬೇಕು. ಅವಳು ತಿರುವಿನಲ್ಲಿ ಬರುವಾಗಲೆಲ್ಲ ನನ್ನ ಕಣ್ಣು ಮುಳ್ಳಿನ ಮೇಲಿರುತ್ತಿರಲಿಲ್ಲ, ಅವಳ ಕಾಲಿನ ಮೇಲಿರುತ್ತಿತ್ತು. ಈಗ ಬೀಳುತ್ತಾಳೆ, ಈಗ ಬೀಳುತ್ತಾಳೆ ಎಂದುಕೊಳ್ಳುತ್ತಿದ್ದೆ. ಅವಳು ಬೀಳುತ್ತಿರಲಿಲ್ಲ. ಎಲ್ಲರಿಗಿಂತ ಮುಂದೆ ಬಂದು, ಸೊಂಟದ ಮೇಲೆ ಕೈಯಿಟ್ಟು, ಯಾರಿಗೂ ಮುಖ ಕಾಣದ ಹಾಗೆ ಗೋಡೆಯ ಕಡೆ ತಿರುಗಿ ಉಸಿರಾಡುತ್ತಿದ್ದಳು. ಸುಧಾರಿಸಿಕೊಳ್ಳಲು ಅಷ್ಟು ಹೊತ್ತು ಬೇರೆ ಯಾರಿಗೂ ಬೇಕಾಗುತ್ತಿರಲಿಲ್ಲ.

ಮೂರನೆಯ ದಿನ ಧೈರ್ಯ ಮಾಡಿ ಟೀಚರ ಕೋಣೆಯವರೆಗೆ ಹೋದೆ. ಒಳಗೆ ಹೆಡ್ಮಿಸ್ಟ್ರೆಸ್ ಕೂತಿದ್ದರು. "ಏನು?" ಎಂದರು. "ಏನಿಲ್ಲ" ಎಂದು ವಾಪಸು ಬಂದೆ. ಸುಳ್ಳು ಬರೆದವಳು ನಾನು, ಶಾಲೆಯಿಂದಲೇ ಕಳಿಸಿಬಿಟ್ಟರೆ ಎಂಬ ಹೆದರಿಕೆ ಒಂದು ಕಡೆ. ಇನ್ನೊಂದು ಹೆದರಿಕೆಯನ್ನು ನಾನು ಯಾರಿಗೂ ಹೇಳಿಕೊಳ್ಳುವಂತಿರಲಿಲ್ಲ. ಅವಳು ತಪ್ಪಿದರೆ ಓಡುವವಳು ನಾನೇ. ಓಡಬೇಕೆಂಬ ಆಸೆ ನನಗೆ ಇರಲಿಲ್ಲವೆಂದರೆ ಅದೂ ಸುಳ್ಳಾಗುತ್ತದೆ.

ಹೊರಡುವ ಹಿಂದಿನ ದಿನ ಅವಳ ತಂದೆಗೇ ಹೇಳಿಬಿಡೋಣವೆಂದು ರಿಪೇರಿ ಷೆಡ್ಡಿಗೆ ಹೋದೆ. ಅವರು ಲಾರಿಯ ಕೆಳಗಿಂದ ತೆವಳಿಕೊಂಡು ಈಚೆ ಬಂದರು. ಗ್ರೀಸ್ ಕೈಯನ್ನು ಚಿಂದಿಗೆ ಒರೆಸಿಕೊಳ್ಳುತ್ತ ನಕ್ಕರು.

"ಬಾಮ್ಮ, ಬಾ. ನಾಳೆ ನಮ್ ಹುಡುಗೀನ ಜೋಪಾನವಾಗಿ ಕರ್ಕೊಂಡ್ ಬಾ. ಬೂಟು ತಂದಿದೀನಿ ನೋಡು, ಶಿವಮೊಗ್ಗದಿಂದ. ಇಂಜಿನ್ ಫಸ್ಟ್ ಕ್ಲಾಸ್ ಇದೆ, ಟೈರ್ ಚೆನ್ನಾಗಿರ್ಬೇಕಲ್ಲ!"

ಅವರ ಹಿಂದೆ ಅವಳು ಬೂಟಿನ ದಾರ ಪೋಣಿಸುತ್ತ ಕೂತಿದ್ದಳು. ತಲೆ ಎತ್ತಿ ನನ್ನನ್ನು ನೋಡಿದಳು. ಅವಳ ಕಣ್ಣಿನಲ್ಲಿ ಸಿಟ್ಟಿರಲಿಲ್ಲ. ಬೇಡಿಕೊಳ್ಳುವ ಹಾಗಿತ್ತು. ನಾನು ಒಂದು ಲೋಟ ನೀರು ಕುಡಿದು ಮನೆಗೆ ಬಂದೆ.

ಬೆಳಗಿನ ರೈಲಿಗೆ ಏಳು ಜನ ಹುಡುಗಿಯರು, ಜೊತೆಗೆ ಟೀಚರ್. ಉಳಿದವರೆಲ್ಲ ಕಿಟಕಿಗೆ ಮುತ್ತಿಕೊಂಡು ಹಾಡು ಹೇಳುತ್ತಿದ್ದರು. ತುಂಗೆಯ ಸೇತುವೆ ಬಂದಾಗ ಎಲ್ಲರೂ ಹೋ ಎಂದರು, ಅವಳೂ ಎಂದಳು. ನಾನು ಮೂಲೆಯಲ್ಲಿ ಬುತ್ತಿಯ ಚೀಲ ಹಿಡಿದು ಕೂತಿದ್ದೆ. "ಏನೇ, ರೈಲಿಗೆ ತಲೆ ಸುತ್ತುತ್ತಾ?" ಎಂದು ಟೀಚರ್ ಕೇಳಿದರು. ಆಗ ಹೇಳಬಹುದಿತ್ತು. ತಲೆ ಅಲ್ಲಾಡಿಸಿದೆ, ಅಷ್ಟೆ.

ಶಿವಮೊಗ್ಗದ ಮೈದಾನದಲ್ಲಿ ಸುಣ್ಣದ ಗೆರೆ ಎಳೆದು ಒಂದು ಡೇರೆ ಹಾಕಿದ್ದರು. ಡೇರೆಯಲ್ಲಿ ಒಬ್ಬ ಗುಮಾಸ್ತರು ದಪ್ಪ ಪುಸ್ತಕ ತೆರೆದು ಹೆಸರು ಬರೆದುಕೊಳ್ಳುತ್ತಿದ್ದರು. ಮೊದಲು ಚೆಂಡು ಎಸೆತ, ಆಮೇಲೆ ಜಿಗಿತ. ಎರಡರಲ್ಲೂ ನಮ್ಮ ಆರು ಜನ ಪಾಸಾದರು. ನೂರು ಮೀಟರ್ ಓಟದಲ್ಲಿ ಅವಳು ಬೇರೆಯವರನ್ನು ಎಷ್ಟು ಹಿಂದೆ ಬಿಟ್ಟಳೆಂದರೆ ಮೈದಾನದ ಸುತ್ತ ನಿಂತಿದ್ದವರು ಚಪ್ಪಾಳೆ ತಟ್ಟಿದರು.

ನಾನು ನೀರಿನ ಚೊಂಬು ತೆಗೆದುಕೊಂಡು ಓಡಿದೆ. ಅವಳು ಡೇರೆಯ ಹಿಂದೆ ಹಗ್ಗ ಹಿಡಿದು ನಿಂತಿದ್ದಳು. ತುಟಿ ನೀಲಿಗಟ್ಟಿತ್ತು. ಕುತ್ತಿಗೆಯ ನರ ಕುಣಿಯುತ್ತಿದ್ದುದು ಎರಡು ಮಾರು ದೂರಕ್ಕೂ ಕಾಣುತ್ತಿತ್ತು. ನೀರು ಕುಡಿಯಲು ಉಸಿರು ಬಿಡುವು ಕೊಡುತ್ತಿರಲಿಲ್ಲ.

"ಸಾಕು ಕಣೆ. ಇನ್ನು ಓಡ್ಬೇಡ" ಎಂದೆ.

"ಇನ್ನೊಂದೇ" ಎಂದಳು. ಆ ಒಂದು ಮಾತಿಗೆ ಎರಡು ಸಲ ಉಸಿರು ತೆಗೆದುಕೊಂಡಳು.

ಇನ್ನೊಂದೆಂದರೆ ಮೈದಾನಕ್ಕೆ ಎರಡು ಸುತ್ತು. ಅದೇ ಎಲ್ಲಕ್ಕಿಂತ ಉದ್ದದ ಓಟ. ಹೆಸರು ಕೂಗಿದರು. ಅವಳು ನನ್ನ ಕೈ ಬಿಡಿಸಿಕೊಂಡು, ಮುಖಕ್ಕೆ ನೀರು ಹಾಕಿಕೊಂಡು, ನಗುತ್ತಲೇ ಹೋಗಿ ಗೆರೆಯ ಮೇಲೆ ನಿಂತಳು.

ಟೀಚರ್ ಆ ಬದಿಯಲ್ಲಿ ಯಾರದೋ ಜಡೆ ಕಟ್ಟುತ್ತಿದ್ದರು. ನಾನು ಹೋಗಿ ಅವರ ಸೆರಗು ಹಿಡಿದು ಎಳೆದೆ.

"ಟೀಚರ್, ನಾನು ಬರೆದಿದ್ದು ಸುಳ್ಳು."

"ಏನು ಬರೆದಿದ್ದು?"

"ಅವಳ ನಾಡಿ. ಐವತ್ತೆಂಟಲ್ಲ, ಎಪ್ಪತ್ತೆಂಟಿತ್ತು. ತಪ್ತಿತ್ತು. ಮುಂಚೆ ಅವಳಿಗೆ ಕೀಲುಜ್ವರ ಬಂದಿತ್ತು ಟೀಚರ್. ತುಟಿ ನೀಲಿ ಆಗಿದೆ."

ಅವರು ಸೀರೆಯ ನೆರಿಗೆ ಎತ್ತಿ ಹಿಡಿದು ಮೈದಾನದ ನಡುವೆಯೇ ಓಡಿದರು. ಸೀಟಿ ಊದುವವರು ಕೈ ಮೇಲೆತ್ತಿ ಆಗಿತ್ತು. "ನಿಲ್ಸಿ, ನಿಲ್ಸಿ" ಎಂದು ಕೂಗುತ್ತ ಹೋಗಿ ಅವಳ ತೋಳು ಹಿಡಿದು ಸಾಲಿನಿಂದ ಈಚೆಗೆ ಎಳೆದರು.

ಅವಳಿಗೆ ತಕ್ಷಣ ಗೊತ್ತಾಯಿತು. ನನ್ನ ಕಡೆ ಬೆರಳು ಮಾಡಿ ಕೂಗಿದಳು, "ಅವಳು ಸುಳ್ಳು ಹೇಳ್ತಿದಾಳೆ ಟೀಚರ್! ಹೊಟ್ಟೆಕಿಚ್ಚು ಅವಳಿಗೆ! ನನ್ನ ಜಾಗದಲ್ಲಿ ಓಡ್ಬೇಕು ಅಂತ!"

ಮೈದಾನದಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಟೀಚರ್ ಅವಳ ಮಣಿಕಟ್ಟಿನ ಮೇಲೆ ಬೆರಳಿಟ್ಟು, ಇನ್ನೊಂದು ಕೈಯ ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ನಿಂತರು. ಸಾಲಿನಲ್ಲಿದ್ದ ಹುಡುಗಿಯರು ಹಾಗೆಯೇ ನಿಂತಿದ್ದರು. ಆ ನಿಮಿಷದಲ್ಲಿ ನನಗೆ ಒಂದು ಕೆಟ್ಟ ಯೋಚನೆ ಬಂತು. ನಾಡಿ ಸರಿಯಿದ್ದುಬಿಟ್ಟರೆ? ಆಗ ಎಲ್ಲರ ಮುಂದೆ ನಾನೇ ಸುಳ್ಳುಗಾತಿ. ಅದು ಸರಿಯಿಲ್ಲದಿರಲಿ ಎಂದು ನಾನು ಬೇಡಿಕೊಂಡೆನೇ? ಒಂದು ಕ್ಷಣ ಬೇಡಿಕೊಂಡೆ. ಅದನ್ನು ಇದುವರೆಗೆ ಯಾರಿಗೂ ಹೇಳಿಲ್ಲ.

ಟೀಚರ್ ಅವಳ ಕೈಯನ್ನು ಮೆಲ್ಲಗೆ ಕೆಳಗಿಳಿಸಿದರು. ಅವರ ಮುಖ ಬಿಳುಚಿಕೊಂಡಿತ್ತು.

"ಇವಳು ಓಡಲ್ಲ" ಎಂದರು. ನನ್ನ ಕಡೆ ನೋಡಿ, "ನೀನು ಬಂದು ನಿಂತ್ಕೋ" ಎಂದರು.

"ನಾನು ಓಡಲ್ಲ ಟೀಚರ್. ಓಡಿದ್ರೆ ಅವಳು ಹೇಳಿದ್ದೇ ನಿಜ ಆಗುತ್ತೆ."

"ಓಡ್ದಿದ್ರೆ ಅವಳ ಎದೆ ಸರಿಹೋಗುತ್ತಾ? ಆರು ಜನ ಇಲ್ದಿದ್ರೆ ಉಳಿದ ಐದು ಜನದ್ದೂ ಹೋಗುತ್ತೆ. ಲಂಗ ಎತ್ತಿ ಸಿಕ್ಕಿಸ್ಕೊ."

ನಾನು ಓಡಿದೆ. ಹೇಗೆ ಓಡಿದೆನೋ ನೆನಪಿಲ್ಲ. ಎರಡನೇ ಸುತ್ತಿನಲ್ಲಿ ಡೇರೆಯ ಮುಂದೆ ಹಾಯುವಾಗ ಟೀಚರ್ ಅವಳನ್ನು ಜಟಕಾ ಗಾಡಿಗೆ ಹತ್ತಿಸುತ್ತಿದ್ದುದು ಕಾಣಿಸಿತು. ಅವಳು ಬೆನ್ನು ಮಾಡಿದ್ದಳು. ನಾನು ಗೊತ್ತುಮಾಡಿದ್ದ ಸಮಯದೊಳಗೆ ಗುರಿ ಮುಟ್ಟಿದೆ. ಗುಮಾಸ್ತರು ಅವಳ ಹೆಸರಿನ ಮೇಲೆ ಗೆರೆ ಎಳೆದು ಪಕ್ಕದಲ್ಲಿ ನನ್ನ ಹೆಸರು ಬರೆದರು.

ನಾವು ಆರು ಜನ ಬೇರೆ ಶಾಲೆಯ ಟೀಚರೊಬ್ಬರ ಕಾವಲಿನಲ್ಲಿ ಮರದ ಕೆಳಗೆ ಕೂತೆವು. ಮಧ್ಯಾಹ್ನದ ಬುತ್ತಿ ಯಾರೂ ಬಿಚ್ಚಲಿಲ್ಲ. ಉಳಿದ ಐವರು ಒಂದು ಕಡೆ, ನಾನು ಒಂದು ಕಡೆ. ಅವರಲ್ಲಿ ಒಬ್ಬಳು ಮಾತ್ರ ಬಂದು "ನಿಜವಾಗ್ಲೂ ಎಪ್ಪತ್ತೆಂಟಿತ್ತಾ?" ಎಂದು ಕೇಳಿ ಹೋದಳು. ಡೇರೆ ಬಿಚ್ಚಿದರು, ಗುಮಾಸ್ತರು ಸೈಕಲ್ಲು ಹತ್ತಿ ಹೋದರು, ಮೈದಾನಕ್ಕೆ ದನ ಬಂದವು. ಜಟಕಾ ಬರಲಿಲ್ಲ. ಅವಳು ಆಸ್ಪತ್ರೆಯ ದಾರಿಯಲ್ಲೇ ಸತ್ತುಹೋಗಿರಬೇಕೆಂದು ನಾನು ತೀರ್ಮಾನ ಮಾಡಿಬಿಟ್ಟಿದ್ದೆ.

ಬಿಸಿಲು ಇಳಿದ ಮೇಲೆ ಟೀಚರ್ ಅವಳ ಹೆಗಲು ಹಿಡಿದು ನಡೆಸಿಕೊಂಡು ಬಂದರು. ನಮ್ಮನ್ನು ಪಕ್ಕಕ್ಕೆ ಕರೆದು ಹೇಳಿದರು. ಹೃದಯದೊಳಗೆ ಬಾಗಿಲಿನಂಥದ್ದೊಂದು ಇರುತ್ತದಂತೆ, ಅದು ಕಿರಿದಾಗಿದೆಯಂತೆ. ಹಳೆಯ ಜ್ವರದಿಂದ ಆದದ್ದು. ಔಷಧಿ ಇದೆ. ಆದರೆ ಇನ್ನು ಓಡುವ ಹಾಗಿಲ್ಲ.

ಭದ್ರಾವತಿ ಸ್ಟೇಷನ್ನಿನಲ್ಲಿ ಅವಳ ತಂದೆ ಜಿಲೇಬಿಯ ಪೊಟ್ಟಣ ಹಿಡಿದು ಕಾಯುತ್ತಿದ್ದರು. ಟೀಚರ್ ಅವರನ್ನು ಕರೆದುಕೊಂಡು ಹೋಗಿ ಮೆಲುದನಿಯಲ್ಲಿ ಎಲ್ಲ ಹೇಳಿದರು. ಅವಳ ತಂದೆ ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಿದ್ದರು. ಆಮೇಲೆ ನೇರ ನನ್ನ ಹತ್ತಿರ ಬಂದರು.

"ನೀನೇನಮ್ಮ ಹೇಳಿದ್ದು?"

"ಹೂಂ."

"ಎಷ್ಟು ದಿನದಿಂದ ಗೊತ್ತಿತ್ತು ನಿಂಗೆ?"

"ಎಂಟು ದಿನ."

"ನಿನ್ನೆ ಷೆಡ್ಡಿಗೆ ಬಂದಿದ್ಯಲ್ಲ" ಎಂದರು. ಬೈಯಲಿಲ್ಲ. ಮಗಳ ಕೈ ಹಿಡಿದುಕೊಂಡು, ಅವಳನ್ನು ನಡೆಸಬಹುದೋ ಎತ್ತಿಕೊಳ್ಳಬೇಕೋ ತಿಳಿಯದವರಂತೆ ಒಂದು ಗಳಿಗೆ ನಿಂತು, ಮೆಲ್ಲಗೆ ಹೊರಟುಹೋದರು.

ಮನೆಯಲ್ಲಿ ಅಪ್ಪನಿಗೆ ಎಲ್ಲ ಹೇಳಿದೆ. ಹೊಡೆಯುತ್ತಾರೆಂದುಕೊಂಡಿದ್ದೆ. ಅವರು "ನಾನು ಕೇಳಿದ್ನಲ್ಲ ಮಗ, ಯಾರಿಗೆ ಅಂತ" ಎಂದರು. ಮರುದಿನ ಬೆಳಿಗ್ಗೆ ಊರಿನ ಕಬ್ಬಿಣದ ಕಾರ್ಖಾನೆಯ ಸೈರನ್ ಆಗುವ ಮುಂಚೆಯೇ ಅವರು ಗೆಳತಿಯ ಮನೆಗೆ ಹೋಗಿ, ಶಿವಮೊಗ್ಗದ ಡಾಕ್ಟರ್ ಬರೆದುಕೊಟ್ಟಂತೆ ಮೂರು ವಾರಕ್ಕೊಂದು ಇಂಜೆಕ್ಷನ್ ತಪ್ಪದೆ ಕೊಡುವುದಾಗಿ ಒಪ್ಪಿಕೊಂಡು ಬಂದರು. ಶಾಲೆಯಲ್ಲಿ ಟೀಚರ್ ಪ್ರಾರ್ಥನೆಯ ಹೊತ್ತಿನಲ್ಲಿ ಎಲ್ಲರೆದುರು ನಿಂತು, "ತಪ್ಪು ನಂದು. ಎಲ್ಲರ ಕೈಯನ್ನೂ ನಾನೇ ಹಿಡಿದು ನೋಡ್ಬೇಕಿತ್ತು" ಎಂದರು. ನನ್ನ ಹೆಸರು ಎತ್ತಲಿಲ್ಲ. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಒಂದು ತಿಂಗಳಾದ ಮೇಲೆ ಅವಳು ಶಾಲೆಗೆ ಬಂದು ಬೇರೆ ಬೆಂಚಿನಲ್ಲಿ ಕೂತಳು. ಮೂರು ವಾರಕ್ಕೊಮ್ಮೆ ಡಾಕ್ಟರ್ ಷಾಪಿನಲ್ಲಿ ಎದುರಾಗುತ್ತಿದ್ದೆವು. ನಾನು ಅಪ್ಪನಿಗೆ ಊಟ ಒಯ್ಯುತ್ತಿದ್ದೆ, ಅವಳು ಸೂಜಿ ಚುಚ್ಚಿಸಿಕೊಂಡು ಕುಂಟುತ್ತ ಹೋಗುತ್ತಿದ್ದಳು. ಮಾತಿಲ್ಲ. ಡ್ರಿಲ್ ಪೀರಿಯಡ್ಡಿನಲ್ಲಿ ಅವಳು ಬೇವಿನ ಮರದ ಕೆಳಗೆ ಒಬ್ಬಳೇ ಕೂತಿರುತ್ತಿದ್ದಳು. ನನಗೆ ಓಡಲು ಕಾಲೇ ಬರುತ್ತಿರಲಿಲ್ಲ.

ಹತ್ತನೇ ತರಗತಿಯ ಮಳೆಗಾಲದಲ್ಲಿ ಒಂದು ದಿನ ಡಾಕ್ಟರ್ ಷಾಪು ಮುಚ್ಚಿತ್ತೆಂದು ಅವಳು ಇಂಜೆಕ್ಷನ್ನಿಗೆ ನಮ್ಮ ಮನೆಗೇ ಬಂದಳು. ಅಪ್ಪ ಇನ್ನೂ ಬಂದಿರಲಿಲ್ಲ. ಅಮ್ಮ ಅವಳನ್ನು ಕೂರಿಸಿ, ನನ್ನ ಕೈಯಲ್ಲೇ ಕಾಫಿ ಕೊಟ್ಟು ಕಳಿಸಿದರು. ಒಂದು ಗುಟುಕು ಕುಡಿದು, ಲೋಟ ನೋಡುತ್ತ ಹೇಳಿದಳು.

"ಸಕ್ಕರೆ ಜಾಸ್ತಿ ಆಯ್ತು."

ಒಂಬತ್ತು ತಿಂಗಳ ಮೇಲೆ ನನ್ನ ಹತ್ತಿರ ಆಡಿದ ಮೊದಲ ಮಾತು. ನಾನು ಬಾಗಿಲಿಗೆ ಒರಗಿ ನಿಂತೇ ಇದ್ದೆ.

"ಅಷ್ಟು ಜನರ ಎದುರು ಹೇಳ್ಬೇಕಿತ್ತೇನೆ? ಎಂಟು ದಿನ ಇತ್ತಲ್ಲ ನಿಂಗೆ" ಎಂದಳು.

"ಧೈರ್ಯ ಬರ್ಲಿಲ್ಲ."

"ನಂಗೆ ಆವತ್ತು ಗೆರೆ ಮೇಲೆ ನಿಂತಾಗ ಕಣ್ಣು ಕತ್ತಲೆ ಬಂದಿತ್ತು. ಆದ್ರೂ ಓಡ್ತಿದ್ದೆ" ಎಂದು ಲೋಟ ಕೆಳಗಿಟ್ಟಳು. "ಹೊಟ್ಟೆಕಿಚ್ಚು ಅಂದ್ನಲ್ಲ, ಇತ್ತಾ?"

ಇಲ್ಲ ಎನ್ನಲು ಬಾಯಿ ತೆರೆದೆ. ಅವಳ ಮುಖ ನೋಡಿ ಆಗಲಿಲ್ಲ. "ಸ್ವಲ್ಪ ಇತ್ತು" ಎಂದೆ.

"ಗೊತ್ತಿತ್ತು" ಎಂದಳು. ಕಾಫಿ ಪೂರ್ತಿ ಕುಡಿದಳು. ಅಷ್ಟರಲ್ಲಿ ಅಪ್ಪ ಬಂದರು.

ಅಂದಿನಿಂದ ಮಾತು ಶುರುವಾಯಿತು. ಮೊದಲಿನ ಸಲಿಗೆ ಬರಲಿಲ್ಲ, ಅದರ ಬದಲು ಇನ್ನೊಂದು ಬಗೆಯದು ಬಂತು. ಶಾಲೆ ಬಿಟ್ಟ ಮೇಲೆ ಅವಳ ಜೊತೆ ಭದ್ರಾ ಸೇತುವೆ ದಾಟುವಾಗ ನಾನು ನಿಧಾನಕ್ಕೆ ನಡೆಯುವುದನ್ನು ಕಲಿತೆ. ನಡುವೆ ಅವಳು ನಿಂತರೆ ನಾನೂ ಕಂಬಿಗೆ ಒರಗಿ ನಿಲ್ಲುತ್ತಿದ್ದೆ. ಯಾಕೆ ನಿಂತೆ ಎಂದು ಕೇಳುತ್ತಿರಲಿಲ್ಲ. ಮುಂದೆ ಅವಳು ಹೊಲಿಗೆ ಕಲಿತು ನಮ್ಮೂರಿನ ಜನ್ನಾಪುರ ಬಡಾವಣೆಯಲ್ಲಿ ಹೆಣ್ಣುಮಕ್ಕಳಿಗೆ ಹೇಳಿಕೊಟ್ಟಳು. ಅವಳ ಇಪ್ಪತ್ತಮೂರನೇ ವಯಸ್ಸಿನಲ್ಲಿ ತಂದೆ ಷೆಡ್ಡಿಗೆ ಬೀಗ ಹಾಕಿ ಮದ್ರಾಸಿಗೆ ಕರೆದೊಯ್ದು ಆಪರೇಷನ್ ಮಾಡಿಸಿದರು. ಆಗ ನಾನು ಮದುವೆಯಾಗಿ ಬೇರೆ ಊರಿನಲ್ಲಿದ್ದೆ. ಹದಿನೇಳು ದಿನ ಕಾಗದ ಬರಲಿಲ್ಲ. ಹದಿನೆಂಟನೆಯ ದಿನ ಅವಳದೇ ಕೈಬರಹದಲ್ಲಿ ಒಂದು ಕಾರ್ಡು ಬಂತು. ಊಟ ಸೇರುತ್ತಿದೆ, ಇಲ್ಲಿಯ ಕಾಫಿ ಚೆನ್ನಾಗಿಲ್ಲ, ಮುಂದಿನ ವಾರ ಊರಿಗೆ ಹೊರಡುತ್ತೇವೆ ಎಂದಿತ್ತು.